ಉಪ್ಪು ಇಳಿದಾಗ, ಉಪ್ಪು ಏರಿದಾಗ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ರಕ್ತದ ಲವಣಾಂಶ ಏರುಪೇರಾಗುವ ಬಗ್ಗೆ ತುಮಕೂರು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸೋಡಿಯಂ, ಪೊಟ್ಯಾಸಿಯಂ ಅಂಕಿಗಳು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿವೆ. ಕೆಲವು ಲ್ಯಾಬ್ ರಿಪೋರ್ಟುಗಳಲ್ಲಿ ಮಿಲಿ ಇಕ್ವಿವಲೆಂಟ್ ಎಂದು ಬರೆದಿರುತ್ತದೆ. ಈ ಎರಡು ಲವಣಗಳ ಮಟ್ಟಿಗೆ ಎರಡೂ ಒಂದೇ. ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5 ಇದ್ದರೆ ಸರಿ.

ಪ್ರಶ್ನೆ: ನಮ್ಮ ಅತ್ತೆಗೆ 72 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ವಾಂತಿಯಾಗಿ ನಾಲ್ಕು ದಿನ ಬರೀ ಗಂಜಿ, ನೀರಿನಲ್ಲೇ ಇದ್ದರು. ಐದನೇ ದಿನ ಮಾತು ತೊದಲಿತು, ಮನೆಯವರನ್ನೇ ಗುರುತು ಹಿಡಿಯಲಿಲ್ಲ. ಸೋಡಿಯಂ 114 ಇದೆ ಎಂದು ಅಡ್ಮಿಟ್ ಮಾಡಿಕೊಂಡರು. "ಉಪ್ಪು ಕಡಿಮೆಯಾಗಿದ್ದರೆ ಮನೆಯಲ್ಲೇ ಉಪ್ಪುನೀರು ಕುಡಿಸಬಹುದಿತ್ತು, ಇದಕ್ಕೆ ಐದು ದಿನ ಆಸ್ಪತ್ರೆ ಬೇಕಿತ್ತಾ?" ಎಂದು ನೆಂಟರು ಕೇಳುತ್ತಿದ್ದಾರೆ. — ಗೃಹಿಣಿ, ಗುಬ್ಬಿ

ಉತ್ತರ: ಬೇಕಿತ್ತು. ಉಪ್ಪುನೀರು ಕುಡಿಸದೇ ಇದ್ದದ್ದೂ ಒಳ್ಳೆಯದಾಯಿತು. ಮಂಕು ಕವಿದವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿಯಬಹುದು. ಗಟ್ಟಿ ಉಪ್ಪುನೀರು ವಾಂತಿಯನ್ನೂ ಹೆಚ್ಚಿಸುತ್ತದೆ.

ಸೋಡಿಯಂ ಇಳಿಯುವುದೆಂದರೆ ಬಹಳಷ್ಟು ಸಲ ಉಪ್ಪು ಕಳೆದುಹೋದದ್ದಕ್ಕಿಂತ ನೀರು ಹೆಚ್ಚಾದದ್ದು. ನಿಮ್ಮ ಅತ್ತೆಯವರ ವಿಷಯದಲ್ಲಿ ಎರಡೂ ಸೇರಿರುವಂತೆ ಕಾಣುತ್ತದೆ. ಅವರ ಮಾತ್ರೆಯ ಪಟ್ಟಿಯ ಮೇಲೆ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಅಥವಾ ಇಂಡಪಮೈಡ್ ಎಂದು ಇದೆಯೇ ನೋಡಿ. ಟೆಲ್ಮಿಸಾರ್ಟನ್ ಹೆಸರಿನ ಮುಂದೆ 'ಎಚ್' ಅಂಟಿಕೊಂಡಿದ್ದರೆ ಅದರೊಳಗೆ ಇಂಥದ್ದೇ ಮೂತ್ರದ ಮಾತ್ರೆ ಬೆರೆತಿರುತ್ತದೆ. ಇವು ಮೂತ್ರದಲ್ಲಿ ಸೋಡಿಯಂ ಕಳೆಯುತ್ತವೆ, ಹೆಚ್ಚಾದ ನೀರನ್ನು ಹೊರಹಾಕುವ ಮೂತ್ರಪಿಂಡದ ಶಕ್ತಿಯನ್ನೂ ತಗ್ಗಿಸುತ್ತವೆ. ಅದರ ಮೇಲೆ ವಾಂತಿ, ಊಟವಿಲ್ಲ, ನೀರು ಮಾತ್ರ ಧಾರಾಳ. ಖಿನ್ನತೆಗೆ ಕೊಡುವ ಎಸಿಟಲೋಪ್ರಾಂ, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆಗಳಿಂದಲೂ, ನ್ಯುಮೋನಿಯಾದಿಂದಲೂ ಸೋಡಿಯಂ ಹೀಗೇ ಇಳಿಯುತ್ತದೆ.

ಹೊರಗೆ ಲವಣ ತೆಳುವಾದಾಗ ನೀರು ಜೀವಕೋಶದೊಳಗೆ ನುಗ್ಗಿ ಮಿದುಳು ಊದಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ನಡೆಯುವಾಗ ಓಲಾಟ. ಆಮೇಲೆ ಮಂಕು, ಅಸಂಬದ್ಧ ಮಾತು. ಕೊನೆಗೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಮನೆಯವರು "ವಯಸ್ಸಾಯಿತು, ಅರಳುಮರಳು" ಎಂದು ಬಿಟ್ಟುಬಿಡುತ್ತಾರೆ. ಅರಳುಮರಳು ತಿಂಗಳು, ವರ್ಷಗಳಲ್ಲಿ ಬರುವಂಥದ್ದು. ಮೂರು ದಿನದಲ್ಲಿ ಬಂದದ್ದು ಅರಳುಮರಳಲ್ಲ. ಅಂಥವರಿಗೆ ಅದೇ ದಿನ ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿಸಲೇಬೇಕು.

ಐದು ದಿನ ಯಾಕೆ ಎಂಬುದಕ್ಕೆ ಉತ್ತರ ಮಿದುಳಿನಲ್ಲೇ ಇದೆ. ಸೋಡಿಯಂ ಎರಡು ದಿನಕ್ಕಿಂತ ಹೆಚ್ಚು ಕಾಲ ಕಡಿಮೆ ಇದ್ದರೆ ಮಿದುಳಿನ ಕೋಶಗಳು ತಮ್ಮೊಳಗಿನ ಕೆಲವು ವಸ್ತುಗಳನ್ನು ಹೊರಹಾಕಿ ಆ ಸ್ಥಿತಿಗೆ ಒಗ್ಗಿಕೊಂಡಿರುತ್ತವೆ. ಆಗ ಸೋಡಿಯಂ ಸರಸರನೆ ಏರಿಸಿದರೆ ಕೋಶಗಳು ಮುದುಡಿ, ನರದ ಮೇಲಿನ ಹೊದಿಕೆ ಕಳಚುತ್ತದೆ. ಇದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ರೋಗಿ ಚೇತರಿಸಿಕೊಂಡು ಮಾತಾಡಿದ ಎರಡರಿಂದ ಆರು ದಿನದ ಮೇಲೆ ಮಾತು ನಿಲ್ಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಬೀಳುತ್ತವೆ. ಕೆಲವರಲ್ಲಿ ಅದು ಕಾಯಂ ಆಗಿ ಉಳಿಯುತ್ತದೆ. ಹಾಗಾಗಿ 24 ಗಂಟೆಯಲ್ಲಿ 8ರಿಂದ 10 ಅಂಕ ದಾಟಬಾರದು. ಕುಡಿತ, ಅಪೌಷ್ಟಿಕತೆ, ಲಿವರ್ ಕಾಯಿಲೆ, ಪೊಟ್ಯಾಸಿಯಂ ಕೊರತೆ ಇದ್ದವರಲ್ಲಿ, ಅಥವಾ ಸೋಡಿಯಂ 105ಕ್ಕೂ ಕೆಳಗೆ ಹೋಗಿದ್ದವರಲ್ಲಿ 8 ದಾಟಬಾರದು. 114 ಇದ್ದವರನ್ನು ಒಂದೇ ದಿನಕ್ಕೆ 135 ಮಾಡಿದರೆ ರಿಪೋರ್ಟು ಚೆನ್ನಾಗಿ ಕಾಣುತ್ತದೆ, ರೋಗಿ ಹಾಳಾಗುತ್ತಾರೆ.

ಫಿಟ್ಸ್ ಅಥವಾ ಪ್ರಜ್ಞಾಹೀನತೆ ಇದ್ದಾಗ ಕಾಯುವಂತೆಯೂ ಇಲ್ಲ. 3 ಪರ್ಸೆಂಟ್ ಸಲೈನ್ (ಗಟ್ಟಿ ಉಪ್ಪಿನ ಡ್ರಿಪ್) 100ರಿಂದ 150 ಎಂಎಲ್ ಅನ್ನು 10ರಿಂದ 20 ನಿಮಿಷದಲ್ಲಿ ಕೊಟ್ಟು, ಲಕ್ಷಣ ಇಳಿಯದಿದ್ದರೆ ಮತ್ತೆ ಕೊಡುತ್ತಾರೆ, ಒಟ್ಟು ಮೂರು ಸಲದವರೆಗೆ. ಮೊದಲ ಕೆಲವು ಗಂಟೆಯಲ್ಲಿ 4ರಿಂದ 6 ಅಂಕ ಏರಿದರೆ ಮಿದುಳಿನ ಊತ ಇಳಿಯಲು ಅಷ್ಟು ಸಾಕು. 50 ಕೆ.ಜಿ. ತೂಕದ ಹಿರಿಯರಲ್ಲಿ 100 ಎಂಎಲ್‌ಗೆ ಸುಮಾರು 2 ಅಂಕ ಏರುತ್ತದೆ. 35 ಕೆ.ಜಿ.ಯ ಅಜ್ಜಿಗೆ ಇನ್ನೂ ಹೆಚ್ಚು ಏರುತ್ತದೆ, ಅದನ್ನು ಮರೆಯಬಾರದು.

ಇಲ್ಲಿ ನುರಿತವರೂ ಎಡವುವ ಜಾಗ ಒಂದಿದೆ. ಮೂತ್ರದ ಮಾತ್ರೆ ನಿಲ್ಲಿಸಿ, ಎರಡು ಬಾಟ್ಲಿ ನಾರ್ಮಲ್ ಸಲೈನ್ ಹೋದ ಮೇಲೆ ಮೂತ್ರಪಿಂಡದ ಬೀಗ ತೆಗೆದಂತಾಗಿ ತಿಳಿನೀರಿನಂಥ ಮೂತ್ರ ಧಾರಾಳವಾಗಿ ಬರತೊಡಗುತ್ತದೆ. ಆಗ ನಾವೇನೂ ಕೊಡದಿದ್ದರೂ ಸೋಡಿಯಂ ತಾನಾಗಿ ಓಡುತ್ತದೆ. ಗಂಟೆಗೆ 100 ಎಂಎಲ್ ಮೀರಿ ಮೂತ್ರ ಬರುತ್ತಿದ್ದರೆ ಎರಡರಿಂದ ನಾಲ್ಕು ಗಂಟೆಗೊಮ್ಮೆ ಸೋಡಿಯಂ ನೋಡಬೇಕು. ಮಿತಿ ಮೀರುವಂತಿದ್ದರೆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಸಕ್ಕರೆಯ ಡ್ರಿಪ್) ಅಥವಾ ಮೂತ್ರ ತಗ್ಗಿಸುವ ಡೆಸ್ಮೋಪ್ರೆಸಿನ್ ಕೊಟ್ಟು ತಡೆಯಬೇಕು. ಪೊಟ್ಯಾಸಿಯಂ ಕೊಟ್ಟರೂ ಸೋಡಿಯಂ ಏರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡಿಸ್ಚಾರ್ಜ್ ಆಗುವಾಗ ಆ ಮಾತ್ರೆ ಮತ್ತೆ ಬರೆದಿದ್ದಾರೆಯೇ ಎಂದು ಚೀಟಿ ಓದಿಸಿ ಕೇಳಿ. ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಿ ಅದನ್ನೇ ತರುವುದರಿಂದ ಎರಡನೇ ಸಲ ಅಡ್ಮಿಟ್ ಆಗುವವರಿದ್ದಾರೆ.

ಪ್ರಶ್ನೆ: ತಂದೆಗೆ ವಾರಕ್ಕೆ ಎರಡು ಡಯಾಲಿಸಿಸ್. ತೋಟ ನಮ್ಮದೇ, ಬಿಸಿಲಿಗೆ ಎಳನೀರು ತಂಪು ಎಂದು ದಿನಾ ಕೊಡುತ್ತೇವೆ. ಕೊಡಬಾರದು ಎಂದು ಡಯಾಲಿಸಿಸ್ ಟೆಕ್ನಿಷಿಯನ್ ಗದರಿದರು. ಅಷ್ಟು ಕೆಟ್ಟದ್ದೇ? — ತೆಂಗು ಬೆಳೆಗಾರ, ತಿಪಟೂರು

ಉತ್ತರ: ಕಲ್ಪತರು ನಾಡಿನಲ್ಲಿ ಎಳನೀರು ಬೇಡ ಎನ್ನುವುದು ಕಷ್ಟದ ಮಾತು. ಆದರೂ ನಿಮ್ಮ ತಂದೆಯವರಿಗೆ ಬೇಡ. 100 ಎಂಎಲ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ತುಂಬು ಬುರುಡೆಯಲ್ಲಿ 300 ಎಂಎಲ್ ಎಂದರೂ 600ರಿಂದ 750 ಮಿಲಿಗ್ರಾಂ. ಡಯಾಲಿಸಿಸ್ ರೋಗಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ 2000 ಮಿಲಿಗ್ರಾಂ ಆಸುಪಾಸು. ಆರೋಗ್ಯವಂತರ ಮೂತ್ರಪಿಂಡ ಇದನ್ನು ಕೆಲವೇ ಗಂಟೆಯಲ್ಲಿ ಹೊರಹಾಕುತ್ತದೆ. ನಿಮ್ಮ ತಂದೆಯವರ ದೇಹದಲ್ಲಿ ಅದು ಮುಂದಿನ ಡಯಾಲಿಸಿಸ್‌ವರೆಗೂ ಹೆಚ್ಚಿನ ಮಟ್ಟಿಗೆ ಉಳಿಯುತ್ತದೆ.

ಎಳನೀರು ಬಿಟ್ಟು ಉಳಿದದ್ದರಲ್ಲಿ ಎಡವುವವರೂ ಇದ್ದಾರೆ. ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಕಡಿಮೆಯಾಗುತ್ತದೆ ಎಂದು ಆಹಾರ ತಜ್ಞರು ಹೇಳುತ್ತಾರೆ, ಅದು ನಿಜ. ಆದರೆ ನಮ್ಮ ಕಡೆ ಬಸಿದ ನೀರನ್ನು ಚೆಲ್ಲುವವರು ಯಾರು? ಅದೇ ಬಸ್ಸಾರಾಗುತ್ತದೆ. ಸೊಪ್ಪು, ಕಾಳಿನಿಂದ ಬಿಟ್ಟ ಪೊಟ್ಯಾಸಿಯಂ ಎಲ್ಲ ಆ ಸಾರಿನಲ್ಲಿರುತ್ತದೆ. ಇವರಿಗೆ ಪಲ್ಯ ಕೊಡಿ, ಸಾರು ಬೇರೆ ಮಾಡಿ. 'ಲೋ ಸೋಡಿಯಂ' ಉಪ್ಪಿನ ಪೊಟ್ಟಣದಲ್ಲಿ ಸೋಡಿಯಂ ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿಪಿಗೆ ಒಳ್ಳೆಯದೆಂದು ತಂದು ಬಳಸಬೇಡಿ. ಸಂಕ್ರಾಂತಿಯ ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ ಬಾಯಿಗೆ ಒಂದು ಚಿಟಿಕೆಗೆ ನಿಲ್ಲಲಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ಏಕೆಂದರೆ ಇವರಲ್ಲಿ ಪೊಟ್ಯಾಸಿಯಂ ಒಂದಿಷ್ಟು ಮಲದಲ್ಲೂ ಹೋಗಬೇಕು. ಮಂಡಿನೋವಿಗೆಂದು ಡೈಕ್ಲೋಫೆನಾಕ್ ನುಂಗಿಸಬೇಡಿ.

ಪೊಟ್ಯಾಸಿಯಂ ಏರಿದ್ದು ಬಹಳ ಸಲ ಹೊರಗೆ ಕಾಣುವುದೇ ಇಲ್ಲ. ಕಾಲು ಭಾರ, ಕೂತಲ್ಲಿಂದ ಏಳಲಾಗದ ಸುಸ್ತು, ಉಬ್ಬಸ, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗೆ: ಇವುಗಳಲ್ಲಿ ಒಂದು ಕಂಡರೂ, ಅದರಲ್ಲೂ ಡಯಾಲಿಸಿಸ್ ಒಂದು ಸರದಿ ತಪ್ಪಿದ್ದರೆ, ನಾಳೆವರೆಗೆ ಕಾಯದೆ ಇಸಿಜಿ ಇರುವ ಕಡೆಗೆ ಕರೆದೊಯ್ಯಿರಿ. ಎರಡು ಡಯಾಲಿಸಿಸ್ ನಡುವಿನ ಉದ್ದದ ಬಿಡುವಿನ ಕೊನೆಯಲ್ಲಿ ಅಪಾಯ ಹೆಚ್ಚು. ಜಾತ್ರೆ, ಹಬ್ಬ, ಮದುವೆ ಎಂದು ದಿನ ಮುಂದೂಡಬೇಡಿ.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ಪೊಟ್ಯಾಸಿಯಂ 7.2 ಇರುವ ಕಿಡ್ನಿ ರೋಗಿ ಬಂದರೆ, ತುಮಕೂರಿಗೆ ಕಳಿಸುವ ಮೊದಲು ಇಲ್ಲೇ ಏನೇನು, ಯಾವ ಕ್ರಮದಲ್ಲಿ ಆಗಬೇಕು? — ಸ್ಟಾಫ್ ನರ್ಸ್, ಪಾವಗಡ

ಉತ್ತರ: ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್, ಎರಡು ಗಂಟೆಯ ಹಾದಿ. ಚಿಕಿತ್ಸೆ ಶುರುಮಾಡದೆ 108 ಹತ್ತಿಸಿದರೆ ಹಾದಿಯಲ್ಲೇ ಹೃದಯ ನಿಲ್ಲಬಹುದು. ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಅವರು ಬರುವಷ್ಟರಲ್ಲಿ ಇಸಿಜಿ, ಸಕ್ಕರೆ, ದಪ್ಪ ಸೂಜಿಯ ಐವಿ ಲೈನ್ ನಿಮ್ಮಿಂದ ಆಗಿರಲಿ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ) ಇರುವ ಕೈ ಮುಟ್ಟಬೇಡಿ.

ಇಸಿಜಿಯಲ್ಲಿ ಟಿ ಅಲೆ ಗುಡಾರದಂತೆ ಚೂಪಾಗಿ ಏರುತ್ತದೆ, ಪಿ ಅಲೆ ಚಪ್ಪಟೆಯಾಗಿ ಮಾಯವಾಗುತ್ತದೆ, ನಡುವಿನ ಕ್ಯೂಆರ್‌ಎಸ್ ಅಲೆ ಅಗಲವಾಗುತ್ತದೆ. ಎಲ್ಲ ಕೂಡಿಕೊಂಡು ಹಾವಿನ ಹರಿದಾಟದಂತೆ ಕಂಡರೆ ಕೊನೆಯ ಗಳಿಗೆ. ಹೀಗೆ ಕಂಡರೆ ಎರಡನೇ ರಿಪೋರ್ಟಿಗೆ ಕಾಯುವಂತಿಲ್ಲ. ಇಸಿಜಿ ಸರಿಯಾಗಿದೆ ಎಂದು ನಿರಾಳವಾಗುವಂತೆಯೂ ಇಲ್ಲ. 7 ದಾಟಿದರೂ ಕೆಲವರಲ್ಲಿ ಅದು ಸಹಜವಾಗೇ ಕಾಣುತ್ತದೆ. ಕಿಡ್ನಿ ಕಾಯಿಲೆ ಇಲ್ಲ, ಇಸಿಜಿ ಸರಿ, ಆದರೂ 7 ಎಂದರೆ ಮಾತ್ರ ಸ್ಯಾಂಪಲ್ ಕೆಟ್ಟಿರಬಹುದು: ಪಟ್ಟಿ ಬಿಗಿಯಾಗಿ ಕಟ್ಟಿ, ಮುಷ್ಟಿ ಹಿಡಿಸಿ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದಾಗ ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬರುತ್ತದೆ. ಆಗ ಹೊಸ ಸ್ಯಾಂಪಲ್ ತೆಗೆಯಿರಿ.

ಮೊದಲ ಮದ್ದು 10 ಪರ್ಸೆಂಟ್ ಕ್ಯಾಲ್ಸಿಯಂ ಗ್ಲುಕೋನೇಟ್, 10 ಎಂಎಲ್, ಮಾನಿಟರ್ ನೋಡುತ್ತ ಐದು ನಿಮಿಷದಲ್ಲಿ. ಒಂದರಿಂದ ಮೂರು ನಿಮಿಷದಲ್ಲಿ ಫಲ ಕಾಣುತ್ತದೆ. ಐದು ನಿಮಿಷದ ಮೇಲೂ ಇಸಿಜಿ ಬದಲಾಗದಿದ್ದರೆ ಇನ್ನೊಂದು. ಮೂರು ಆಂಪೂಲ್ ಬೇಕಾಗುವುದು ಅಪರೂಪವಲ್ಲ. ಸೋಡಾ ಬೈಕಾರ್ಬ್ ಹೋಗುವ ಲೈನಿನಲ್ಲೇ ಇದನ್ನು ಹಾಕಿದರೆ ಸುಣ್ಣದಂತೆ ಗರಣೆ ಕಟ್ಟುತ್ತದೆ. ಕ್ಯಾಲ್ಸಿಯಂ ಪೊಟ್ಯಾಸಿಯಂ ಅನ್ನು ಒಂದಂಕವೂ ಇಳಿಸುವುದಿಲ್ಲ, ಹೃದಯಕ್ಕೆ ಕಾವಲು ನಿಲ್ಲುತ್ತದೆ ಅಷ್ಟೆ. ಆ ಕಾವಲೂ ಅರ್ಧದಿಂದ ಒಂದು ಗಂಟೆಯದು. ನಿಮ್ಮ ಹಾದಿ ಎರಡು ಗಂಟೆಯದು. ಆದ್ದರಿಂದ ಆಂಬುಲೆನ್ಸಿನಲ್ಲಿ ಇನ್ನೂ ಎರಡು ಆಂಪೂಲ್, ಸಿರಿಂಜ್, ಮಾನಿಟರ್, ಅದನ್ನು ಕೊಡಬಲ್ಲವರೊಬ್ಬರು ಇರಲೇಬೇಕು.

ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳುವುದು ಇನ್ಸುಲಿನ್. ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, ಜೊತೆಗೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್, ಐವಿಯಲ್ಲಿ. ಇಲ್ಲಿ ಒಂದು ಕ್ಷಣ ನಿಂತು ನೋಡಿ: ನಮ್ಮ ಆಸ್ಪತ್ರೆಗಳ ಬಾಟ್ಲಿ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 10 ಯೂನಿಟ್ ಎಂದರೆ ಕಾಲು ಎಂಎಲ್. ಕಿತ್ತಳೆ ಮುಚ್ಚಳದ 100 ಯೂನಿಟ್ ಸಿರಿಂಜಿನಲ್ಲಿ ಎಳೆದರೆ 10ರ ಗೆರೆಗೆ ಬರುವುದು 4 ಯೂನಿಟ್ ಮಾತ್ರ. ಸಾಮಾನ್ಯ ಸಿರಿಂಜಿನಲ್ಲಿ 1 ಎಂಎಲ್ ಎಳೆದರೆ 40 ಯೂನಿಟ್ ಹೋಗುತ್ತದೆ, ಅದು ಪ್ರಾಣಾಂತಿಕ. ಇಬ್ಬರು ನೋಡಿ ಕೊಡಿ. ಕೆಲಸ 15ರಿಂದ 30 ನಿಮಿಷದಲ್ಲಿ ಶುರುವಾಗಿ ನಾಲ್ಕರಿಂದ ಆರು ಗಂಟೆ ನಿಲ್ಲುತ್ತದೆ. ಕಿಡ್ನಿ ರೋಗಿಯಲ್ಲಿ ಇನ್ಸುಲಿನ್ ಬೇಗ ಕರಗದೆ ಉಳಿಯುವುದರಿಂದ ಕೊಟ್ಟ ಎರಡು ಮೂರು ಗಂಟೆಯ ಮೇಲೆ ಸಕ್ಕರೆ ಕುಸಿಯುತ್ತದೆ. 15, 30, 60 ನಿಮಿಷಕ್ಕೆ, ಆಮೇಲೆ ಆರು ಗಂಟೆವರೆಗೆ ಗಂಟೆಗೊಮ್ಮೆ ಸಕ್ಕರೆ ನೋಡಿ. ಮೊದಲೇ ಸಕ್ಕರೆ 126ಕ್ಕಿಂತ ಕಡಿಮೆ ಇದ್ದರೆ 10 ಪರ್ಸೆಂಟ್ ಡೆಕ್ಸ್‌ಟ್ರೋಸ್ ಗಂಟೆಗೆ 50 ಎಂಎಲ್‌ನಂತೆ ಐದು ಗಂಟೆ ಓಡಲಿ. 250ಕ್ಕಿಂತ ಮೇಲಿದ್ದರೆ ಡೆಕ್ಸ್‌ಟ್ರೋಸ್ ಬೇಡ, ಇನ್ಸುಲಿನ್ ಒಂದೇ ಸಾಕು.

ಜೊತೆಯಲ್ಲೇ ಸಾಲ್ಬುಟಮಾಲ್ ನೆಬ್ಯುಲೈಸರ್. ಉಬ್ಬಸಕ್ಕೆ ಹಾಕುವ 2.5 ಮಿಲಿಗ್ರಾಂ ಇದಕ್ಕೆ ಸಾಲದು, 10 ಮಿಲಿಗ್ರಾಂ ಬೇಕು, ಅಂದರೆ ನಾಲ್ಕು ರೆಸ್ಪ್ಯೂಲ್ (ನೆಬ್ಯುಲೈಸರ್ ಔಷಧಿಯ ಪುಟ್ಟ ಪ್ಲಾಸ್ಟಿಕ್ ಟ್ಯೂಬ್). ಹೃದಯದ ಕಾಯಿಲೆ ಇದ್ದವರಲ್ಲಿ ಜೋಪಾನ. ಬೈಕಾರ್ಬ್ ಎಲ್ಲರಿಗೂ ಅಲ್ಲ, ರಕ್ತದ ಆಮ್ಲತೆ ಹೆಚ್ಚಿದ್ದವರಿಗೆ ಮಾತ್ರ. ಪೊಟ್ಯಾಸಿಯಂ ಹೀರುವ ಪುಡಿಯ ಪೊಟ್ಟಣ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ತುರ್ತಿಗೆ ಅದನ್ನು ನಂಬಬೇಡಿ. ಇನ್ಸುಲಿನ್, ಸಾಲ್ಬುಟಮಾಲ್, ಬೈಕಾರ್ಬ್‌ಗಳಿಂದ ಪೊಟ್ಯಾಸಿಯಂ ಕೋಶದೊಳಗೆ ಅಡಗುತ್ತದೆಯೇ ಹೊರತು ದೇಹದಿಂದ ಹೋಗುವುದಿಲ್ಲ. ಹೊರಹಾಕಲು ಡಯಾಲಿಸಿಸ್ ಬೇಕು. ಹೊರಡುವ ಮೊದಲೇ ಫೋನ್ ಮಾಡಿ ಮಷೀನ್ ಖಾಲಿ ಇರಿಸಲು ಹೇಳಿ.

ಪ್ರಶ್ನೆ: ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಟ್ಟರೂ ತಾಯಂದಿರು "ಜಾಸ್ತಿ ಆಯ್ತು" ಎಂದು ಬರುತ್ತಾರೆ. ತಪ್ಪು ಎಲ್ಲಿ? — ಆಶಾ ಕಾರ್ಯಕರ್ತೆ, ಮಧುಗಿರಿ

ಉತ್ತರ: ಮೊದಲು ಬೆರೆಸುವುದರಲ್ಲಿ. ದೊಡ್ಡ ಪ್ಯಾಕೆಟ್ಟು ಒಂದು ಲೀಟರ್ ನೀರಿಗೆ. ಪೂರ್ತಿ ಒಂದು ಲೀಟರಿಗೆ ಬೆರೆಸಿದರೆ ಸೋಡಿಯಂ 75 ಇರುತ್ತದೆ. ಅದನ್ನೇ 200 ಎಂಎಲ್ ಲೋಟಕ್ಕೆ ಸುರಿದರೆ 375. ಆ ನೀರು ಮಗುವಿನ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ, ರಕ್ತದ ಸೋಡಿಯಂ ಏರಿಸಿ ಫಿಟ್ಸ್ ತರಬಲ್ಲದು. ಆಮೇಲೆ ಅದನ್ನು ಇಳಿಸುವುದೂ ದಿನಕ್ಕೆ 10ರಿಂದ 12 ಅಂಕಕ್ಕಿಂತ ಹೆಚ್ಚಾಗುವಂತಿಲ್ಲ, ಇಲ್ಲದಿದ್ದರೆ ಮಿದುಳು ಊದುತ್ತದೆ. 200 ಎಂಎಲ್‌ನ ಪುಟ್ಟ ಪ್ಯಾಕೆಟ್ಟೂ ಸಿಗುತ್ತದೆ, ಎರಡೂ ಒಂದೇ ರೀತಿ ಕಾಣುತ್ತವೆ. ಮನೆಗೆ ಹೋದಾಗ ತಾಯಿಯ ಕೈಯಲ್ಲೇ, ಅವರ ಚೊಂಬಿನಲ್ಲೇ ಒಂದು ಲೀಟರ್ ಅಳೆಸಿ ಗುರುತು ಮಾಡಿಸಿ. ಅರ್ಧ ಪ್ಯಾಕೆಟ್ಟು ಅರ್ಧ ಲೀಟರಿಗೆ ಎನ್ನುವುದೂ ಬೇಡ, ಪುಡಿ ಒಳಗೆ ಸಮನಾಗಿ ಬೆರೆತಿರುವುದಿಲ್ಲ. ಬೆರೆಸಿದ್ದನ್ನು 24 ಗಂಟೆ ಮೀರಿ ಇಡಬಾರದು.

ಎರಡನೆಯದು, ಅಂಗಡಿಯ ಸಿಹಿ ಪಾನೀಯವನ್ನು ಓಆರ್‌ಎಸ್ ಎಂದು ಕೊಡುವುದು. ಸಕ್ಕರೆ ಹೆಚ್ಚಾದರೂ ಭೇದಿ ಹೆಚ್ಚುತ್ತದೆ. ನಿಗದಿತ ಸೂತ್ರದಲ್ಲಿಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದೂ ಓಆರ್‌ಎಸ್‌ಗೆ ಸಮವಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಒಂದೊಂದು ಭೇದಿಗೂ 50ರಿಂದ 100 ಎಂಎಲ್, ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ. ಆರು ತಿಂಗಳು ದಾಟಿದ ಮಗುವಿಗೆ ಜಿಂಕ್ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಬಿಡುವಂತಿಲ್ಲ. ಪ್ಯಾಕೆಟ್ಟು ಇಲ್ಲದ ರಾತ್ರಿ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿದು, ಮಗು ಕುಡಿಯಲಾರದೆ ಮಂಕಾಗಿದ್ದರೆ ಚಮಚ ಹಿಡಿದು ಕೂರಬೇಡಿ, ಕರೆದೊಯ್ಯಿರಿ.

ಪ್ರಶ್ನೆ: ವಯಸ್ಸು 28, ಲಾರಿ ಓಡಿಸುತ್ತೇನೆ. ರಾತ್ರಿ ಹೋಳಿಗೆ ಊಟ ಮಾಡಿ ಮಲಗಿದವನಿಗೆ ಬೆಳಗ್ಗೆ ಕಾಲು ಎತ್ತಲಾಗಲಿಲ್ಲ. ಲಕ್ವ ಎಂದು ನಾಟಿ ಔಷಧಿಗೆ ಹೊರಟಿದ್ದರು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ 2 ಎಂದರು, ಸಂಜೆಗೆ ನಡೆದೆ. ಮತ್ತೆ ಬರುತ್ತದೆಯೇ? — ಶಿರಾ

ಉತ್ತರ: ಬರಬಹುದು. ಹೊಟ್ಟೆ ತುಂಬ ಸಿಹಿ ತಿಂದಾಗ ಇನ್ಸುಲಿನ್ ಉಕ್ಕಿ, ರಕ್ತದ ಪೊಟ್ಯಾಸಿಯಂ ಕೋಶದೊಳಗೆ ಓಡುತ್ತದೆ. ಇದಕ್ಕೆ ಒಳಗಾಗುವ ದೇಹಗುಣ ಇರುವ ಯುವಕರಲ್ಲಿ ಸ್ನಾಯು ಸೋಲುತ್ತದೆ. ತಡಮಾಡದೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಅತಿಯಾಗಿದ್ದರೆ ಅದನ್ನು ಸರಿಪಡಿಸುವುದೇ ಮದ್ದು.

ಲಕ್ವದಲ್ಲಿ ಸಾಮಾನ್ಯವಾಗಿ ಒಂದು ಪಕ್ಕ ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಇದರಲ್ಲಿ ಎರಡೂ ಕಾಲು ಸಮನಾಗಿ ಸೋಲುತ್ತವೆ, ಮುಖ, ಮಾತು, ಸ್ಪರ್ಶ ಸರಿ ಇರುತ್ತವೆ. ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೀಗಾಗಿ, ಮೊದಲು ರೆಪ್ಪೆ ಜೋತುಬಿದ್ದು, ಹೊಟ್ಟೆನೋವಿದ್ದರೆ ಕಟ್ಟುಹಾವು ಕಚ್ಚಿರಬಹುದು. ಅದರ ಗಾಯ ಕಣ್ಣಿಗೆ ಕಾಣದೆಯೂ ಇರುತ್ತದೆ. ಮೂರಕ್ಕೂ ದಾರಿ ಆಸ್ಪತ್ರೆಯೇ.

ಚಿಕಿತ್ಸೆ ಮಾಡುವವರಿಗೆ: ನುಂಗಬಲ್ಲವರಿಗೆ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ 15 ಎಂಎಲ್ ನೀರಿನಲ್ಲಿ ಬೆರೆಸಿ, ಅದರಲ್ಲಿ 20 ಮಿಲಿಮೋಲ್ ಇರುತ್ತದೆ. ಐವಿ ಬೇಕಾದರೆ 20 ಮಿಲಿಮೋಲ್‌ನ 10 ಎಂಎಲ್ ಆಂಪೂಲ್ ಅನ್ನು 500 ಎಂಎಲ್ ನಾರ್ಮಲ್ ಸಲೈನಿಗೆ ಹಾಕಿ, ಬಾಟ್ಲಿಯನ್ನು ಹಲವು ಸಲ ತಲೆಕೆಳಗು ಮಾಡಿ, ಎರಡು ಗಂಟೆಗಿಂತ ಬೇಗ ಓಡಿಸದೆ ಕೊಡಬೇಕು. ಅಲುಗಿಸದಿದ್ದರೆ ಔಷಧಿ ತಳದಲ್ಲೇ ನಿಂತು ಮೊದಲ ಹನಿಗಳಲ್ಲೇ ಹೃದಯಕ್ಕೆ ಹೋಗುತ್ತದೆ. ಆಂಪೂಲ್ ಅನ್ನು ನೇರ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿದರೆ ಇನ್ಸುಲಿನ್ ಏರಿ ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ. ಈ ಕಾಯಿಲೆಯಲ್ಲಿ ಪೊಟ್ಯಾಸಿಯಂ ದೇಹದಿಂದ ಹೋಗಿಲ್ಲ, ಅಡಗಿದೆ ಅಷ್ಟೆ. ಆತುರದಿಂದ ಸುರಿದರೆ ಅಡಗಿದ್ದೂ ಹೊರಬಂದು ಮಧ್ಯಾಹ್ನಕ್ಕೆ 6 ದಾಟುತ್ತದೆ. ಎಷ್ಟು ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ನೋಡಿ.

ಪ್ರಶ್ನೆ: ಥೈರಾಯ್ಡ್ ಆಪರೇಷನ್ ಆದ ಎರಡನೇ ದಿನ ತಂಗಿಯ ತುಟಿ ಜುಮ್ಮೆಂದು, ಬೆರಳುಗಳು ಸೆಟೆದುಕೊಂಡವು. ಹೆದರಿಕೆಯಿಂದ ಹೀಗಾಗುತ್ತದೆ ಎಂದರು ಕೆಲವರು. — ಕುಣಿಗಲ್

ಉತ್ತರ: ಹೆದರಿ ಏದುಸಿರು ಬಿಟ್ಟಾಗಲೂ ಹಾಗಾಗುವುದುಂಟು. ಆದರೆ ಈ ಆಪರೇಷನ್ ಆದವರಲ್ಲಿ ಕ್ಯಾಲ್ಸಿಯಂ ಇಳಿದಿದೆ ಎಂದೇ ಹಿಡಿಯಬೇಕು. ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದಾಗ ಹೀಗಾಗುತ್ತದೆ. ಗಂಟಲು ಬಿಗಿದರೆ ಉಸಿರಾಟಕ್ಕೇ ಕುತ್ತು. ಕ್ಯಾಲ್ಸಿಯಂ ಗ್ಲುಕೋನೇಟ್ 10 ಎಂಎಲ್ ಅನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ಕೊಟ್ಟು, ಆಮೇಲೆ ಡ್ರಿಪ್, ಮಾತ್ರೆ ಮುಂದುವರಿಸುತ್ತಾರೆ. ಮನೆಗೆ ಬಂದ ಮೇಲೂ ಜುಮ್ಮೆಂದರೆ ಅಂದೇ ಹೋಗಿ.

ಪ್ರಶ್ನೆ: ಮೂಳೆನೋವಿಗೆ ಕೊಟ್ಟ ವಿಟಮಿನ್ ಡಿ ಪುಡಿಯನ್ನು ಅಮ್ಮ ಎರಡು ತಿಂಗಳಿಂದ ದಿನಾ ಹಾಲಿಗೆ ಹಾಕಿ ಕುಡಿಯುತ್ತಿದ್ದಾರೆ. ಈಗ ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಕು. — ತುರುವೇಕೆರೆ

ಉತ್ತರ: 60,000 ಯೂನಿಟ್‌ನ ಆ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು. ನೀವು ಹೇಳಿದ ಮೂರೂ ಲಕ್ಷಣ ಕ್ಯಾಲ್ಸಿಯಂ ಏರಿದ್ದರ ಗುರುತು. ಪುಡಿಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಇವತ್ತೇ ನಿಲ್ಲಿಸಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮಂಕು ಇರುವುದರಿಂದ ಅಡ್ಮಿಟ್ ಆಗಿ ಸಲೈನ್ ಹಾಕಿಸಿಕೊಳ್ಳಬೇಕಾದೀತು. ವಿಟಮಿನ್ ಡಿ ಕೊಬ್ಬಿನಲ್ಲಿ ಉಳಿದುಕೊಳ್ಳುವುದರಿಂದ ಪುಡಿ ಬಿಟ್ಟ ವಾರಗಳ ಮೇಲೂ ಕ್ಯಾಲ್ಸಿಯಂ ಮತ್ತೆ ಏರುತ್ತದೆ. ಒಮ್ಮೆ ಸರಿಹೋಯಿತೆಂದು ಪರೀಕ್ಷೆ ನಿಲ್ಲಿಸಬೇಡಿ.